ಕಬ್ಬಿಣಯುಕ್ತ ಮಧ್ಯರಂಧ್ರ ಸಿಲಿಕಾ ವಸ್ತುಗಳ ರಚನಾ ವಿಶ್ಲೇಷಣೆ

ಕಬ್ಬಿಣಯುಕ್ತ ಮಧ್ಯರಂಧ್ರ ಸಿಲಿಕಾ ಎಂಬುದು 2ರಿಂದ 50 ನ್ಯಾನೊಮೀಟರ್ ವ್ಯಾಸದ ರಂಧ್ರಗಳುಳ್ಳ ಸಿಲಿಕಾದ (ಸಿಲಿಕಾನ್ ಡೈಆಕ್ಸೈಡ್) ಗೋಡೆಗಳಲ್ಲಿ ಅಥವಾ ರಂಧ್ರಗಳ ಒಳಮೈಯಲ್ಲಿ ಕಬ್ಬಿಣವನ್ನು ಸೇರಿಸಿ ತಯಾರಿಸಿದ ಘನವಸ್ತು. ಇದನ್ನು ಕಬ್ಬಿಣಯುಕ್ತ ಮೀಸೋಪೋರಸ್ ಸಿಲಿಕಾ ಎಂದೂ ಕರೆಯುತ್ತಾರೆ. ಈ ವಸ್ತುಗಳನ್ನು ಮುಖ್ಯವಾಗಿ ಉತ್ಕರ್ಷಣ ಕ್ರಿಯೆಗಳ ವೇಗವರ್ಧಕಗಳಾಗಿ ಬಳಸಲಾಗುತ್ತದೆ. ಒಂದೇ ಪ್ರಮಾಣದ ಕಬ್ಬಿಣವಿರುವ ಎರಡು ಮಾದರಿಗಳು ಸಂಪೂರ್ಣ ಭಿನ್ನವಾಗಿ ವರ್ತಿಸಬಹುದು. ಒಂದರಲ್ಲಿ ಕಬ್ಬಿಣದ ಅಯಾನುಗಳು ಒಂಟಿಯಾಗಿ ಗೋಡೆಯೊಳಗೆ ಬಂಧಿತವಾಗಿದ್ದರೆ, ಇನ್ನೊಂದರಲ್ಲಿ ಅವು ಆಕ್ಸೈಡಿನ ಸಣ್ಣ ಕಣಗಳಾಗಿ ರಂಧ್ರಗಳಲ್ಲಿ ಕುಳಿತಿರಬಹುದು. ಆದ್ದರಿಂದ ಇಂತಹ ವಸ್ತುವಿನ ರಚನಾ ವಿಶ್ಲೇಷಣೆಯು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ: ಕಬ್ಬಿಣ ಸೇರಿದ ಮೇಲೂ ರಂಧ್ರಗಳ ಕ್ರಮಬದ್ಧ ಜೋಡಣೆ ಉಳಿದಿದೆಯೇ? ಸೇರಿದ ಕಬ್ಬಿಣವು ಯಾವ ರೂಪದಲ್ಲಿ, ಎಲ್ಲಿ ಇದೆ? ಯಾವುದೇ ಒಂದು ಉಪಕರಣದಿಂದ ಈ ಎರಡಕ್ಕೂ ಉತ್ತರ ದೊರೆಯುವುದಿಲ್ಲ.

ಹಿನ್ನೆಲೆ

ರಂಧ್ರಯುಕ್ತ ಘನವಸ್ತುಗಳನ್ನು ರಂಧ್ರದ ಅಗಲಕ್ಕನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. 2 ನ್ಯಾನೊಮೀಟರಿಗಿಂತ ಕಿರಿದಾದವು ಸೂಕ್ಷ್ಮರಂಧ್ರಗಳು, 2ರಿಂದ 50 ನ್ಯಾನೊಮೀಟರಿನವು ಮಧ್ಯರಂಧ್ರಗಳು, ಅದಕ್ಕಿಂತ ದೊಡ್ಡವು ಬೃಹತ್‌ರಂಧ್ರಗಳು. ಜಿಯೋಲೈಟುಗಳು ಸೂಕ್ಷ್ಮರಂಧ್ರದ ವರ್ಗಕ್ಕೆ ಸೇರುತ್ತವೆ. ಅವುಗಳ ರಂಧ್ರಗಳು ಕಿರಿದಾದ್ದರಿಂದ ದೊಡ್ಡ ಅಣುಗಳು ಒಳಹೋಗಲಾರವು. ಈ ಮಿತಿಯನ್ನು ಮೀರುವ ಪ್ರಯತ್ನದಲ್ಲಿ 1992ರಲ್ಲಿ ಮೊಬಿಲ್ ಸಂಸ್ಥೆಯ ಸಂಶೋಧಕರು ಎಂಸಿಎಂ-41 ಎಂಬ ಸಿಲಿಕಾವನ್ನು ಪ್ರಕಟಿಸಿದರು. 1998ರಲ್ಲಿ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೂ ದೊಡ್ಡ ರಂಧ್ರಗಳುಳ್ಳ ಎಸ್‌ಬಿಎ-15 ಸಿದ್ಧವಾಯಿತು.

ಎರಡರ ತಯಾರಿಕೆಯ ತತ್ತ್ವವೂ ಒಂದೇ. ಸಾಬೂನಿನಂತೆ ವರ್ತಿಸುವ ಅಣುಗಳು ನೀರಿನಲ್ಲಿ ಗುಂಪುಗೂಡಿ ಕೊಳವೆಯಾಕಾರದ ಪುಂಜಗಳಾಗುತ್ತವೆ. ಈ ಪುಂಜಗಳು ಅಚ್ಚಿನ ಕೆಲಸ ಮಾಡುತ್ತವೆ. ಅವುಗಳ ಸುತ್ತ ಸಿಲಿಕಾ ಘನೀಭವಿಸುತ್ತದೆ. ಬಳಿಕ ವಸ್ತುವನ್ನು ಸುಮಾರು 500ರಿಂದ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಕಾಯಿಸಿದಾಗ ಅಚ್ಚು ಸುಟ್ಟುಹೋಗಿ, ಜೇನುಗೂಡಿನಂತೆ ಷಟ್ಕೋನಾಕಾರದಲ್ಲಿ ಜೋಡಣೆಗೊಂಡ ಸಮಾನಾಂತರ ಕೊಳವೆಗಳು ಉಳಿಯುತ್ತವೆ. ಎಂಸಿಎಂ-41ರಲ್ಲಿ ಅಚ್ಚಾಗಿ ಸೀಟೈಲ್‌ಟ್ರೈಮೀಥೈಲ್ ಅಮೋನಿಯಂ ಲವಣವನ್ನು ಸಾಮಾನ್ಯವಾಗಿ ಕ್ಷಾರೀಯ ದ್ರಾವಣದಲ್ಲಿ ಬಳಸುತ್ತಾರೆ. ಎಸ್‌ಬಿಎ-15ರಲ್ಲಿ ಪ್ಲುರಾನಿಕ್ ಪಿ-123 ಎಂಬ ಪಾಲಿಮರನ್ನು ಪ್ರಬಲ ಆಮ್ಲೀಯ ದ್ರಾವಣದಲ್ಲಿ ಬಳಸುತ್ತಾರೆ. ಎಸ್‌ಬಿಎ-15ರ ಗೋಡೆಗಳು ಸಾಮಾನ್ಯವಾಗಿ 3ರಿಂದ 6 ನ್ಯಾನೊಮೀಟರ್ ದಪ್ಪವಿರುತ್ತವೆ. ಎಂಸಿಎಂ-41ರ ಗೋಡೆಗಳು ಸುಮಾರು 1 ನ್ಯಾನೊಮೀಟರಿನಷ್ಟು ತೆಳುವಾಗಿರುತ್ತವೆ. ಈ ಕಾರಣದಿಂದ ಎಸ್‌ಬಿಎ-15 ಬಿಸಿನೀರು ಮತ್ತು ಹಬೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಈ ವಸ್ತುಗಳಲ್ಲಿ ರಂಧ್ರಗಳ ಜೋಡಣೆ ಕ್ರಮಬದ್ಧವಾಗಿದ್ದರೂ ಗೋಡೆಯೊಳಗಿನ ಪರಮಾಣುಗಳ ಜೋಡಣೆ ಗಾಜಿನಂತೆ ಅಸ್ಫಟಿಕವಾಗಿರುತ್ತದೆ. ಮುಂದೆ ವಿವರಿಸುವ ಅನೇಕ ತೊಡಕುಗಳಿಗೆ ಈ ದ್ವಂದ್ವವೇ ಮೂಲ.

ಕಬ್ಬಿಣವನ್ನು ಸೇರಿಸುವ ವಿಧಾನಗಳು

ಶುದ್ಧ ಸಿಲಿಕಾ ರಾಸಾಯನಿಕವಾಗಿ ಬಹುಮಟ್ಟಿಗೆ ನಿಷ್ಕ್ರಿಯ. ಅದಕ್ಕೆ ಕ್ರಿಯಾಶೀಲತೆ ತರಲು ಲೋಹವನ್ನು ಸೇರಿಸಲಾಗುತ್ತದೆ. ಕಬ್ಬಿಣವನ್ನು ಸೇರಿಸಲು ಎರಡು ಮುಖ್ಯ ಮಾರ್ಗಗಳಿವೆ.

ನೇರ ಸಂಶ್ಲೇಷಣೆಯಲ್ಲಿ ಸಿಲಿಕಾದ ಮೂಲವಸ್ತುವಿನೊಂದಿಗೇ ಕಬ್ಬಿಣದ ಲವಣವನ್ನು, ಉದಾಹರಣೆಗೆ ಫೆರಿಕ್ ನೈಟ್ರೇಟನ್ನು, ಬೆರೆಸುತ್ತಾರೆ. ಗೋಡೆ ರೂಪುಗೊಳ್ಳುವಾಗಲೇ ಕೆಲವು ಸಿಲಿಕಾನ್ ಪರಮಾಣುಗಳ ಸ್ಥಾನವನ್ನು ಕಬ್ಬಿಣ ಆಕ್ರಮಿಸಲೆಂಬುದು ಇದರ ಉದ್ದೇಶ. ಆದರೆ ದ್ರಾವಣದ ಆಮ್ಲೀಯತೆ ಇಲ್ಲಿ ನಿರ್ಣಾಯಕ. ಕ್ಷಾರೀಯ ದ್ರಾವಣದಲ್ಲಿ ಕಬ್ಬಿಣವು ಹೈಡ್ರಾಕ್ಸೈಡಾಗಿ ಬೇಗನೆ ಒತ್ತರಿಸುತ್ತದೆ. ಎಸ್‌ಬಿಎ-15ಕ್ಕೆ ಬೇಕಾದ ಪ್ರಬಲ ಆಮ್ಲದಲ್ಲಿ ಅದು ಬಿಡಿ ಅಯಾನುಗಳಾಗಿ ಕರಗಿಯೇ ಉಳಿದು, ಸೋಸುವಾಗ ಬಹುಪಾಲು ನೀರಿನೊಂದಿಗೆ ಹೊರಟುಹೋಗುತ್ತದೆ. ಆದ್ದರಿಂದ ದ್ರಾವಣದ ಪಿಎಚ್ ಮೌಲ್ಯವನ್ನು ಹಂತಹಂತವಾಗಿ ಸರಿಹೊಂದಿಸಬೇಕಾಗುತ್ತದೆ.

ಎರಡನೆಯ ಮಾರ್ಗದಲ್ಲಿ ಸಿದ್ಧ ಸಿಲಿಕಾವನ್ನು ಕಬ್ಬಿಣದ ಲವಣದ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಕಾಯಿಸುತ್ತಾರೆ. ಈ ವಿಧಾನ ಸುಲಭ. ಹಾಕಿದ ಕಬ್ಬಿಣವೆಲ್ಲ ವಸ್ತುವಿನಲ್ಲೇ ಉಳಿಯುತ್ತದೆ. ಆದರೆ ಒಣಗುವಾಗ ಲವಣವು ರಂಧ್ರದ ಬಾಯಿಯತ್ತ ಸರಿದು, ಕಾಯಿಸಿದಾಗ ಆಕ್ಸೈಡ್ ಕಣಗಳಾಗುವ ಸಂಭವ ಹೆಚ್ಚು.

ಕಬ್ಬಿಣದ ಸಂಭಾವ್ಯ ರೂಪಗಳು

ಸಿಲಿಕಾದಲ್ಲಿ ಪ್ರತಿ ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಕ್ಸಿಜನ್ ಪರಮಾಣುಗಳು ಚತುರ್ಮುಖಿಯ ಶೃಂಗಗಳಲ್ಲಿರುತ್ತವೆ. ಕಬ್ಬಿಣವು ಆ ಸ್ಥಾನಕ್ಕೆ ಬರಬೇಕಾದರೆ ಅದೂ ನಾಲ್ಕೇ ಆಕ್ಸಿಜನ್‌ಗಳೊಂದಿಗೆ ತೃಪ್ತಿಪಡಬೇಕು. ಇದು ಸುಲಭವಲ್ಲ. ಚತುರ್ಮುಖಿ ಸ್ಥಾನದಲ್ಲಿ ನಾಲ್ಕು ಧನಾವೇಶದ ಸಿಲಿಕಾನ್ ಅಯಾನಿನ ತ್ರಿಜ್ಯ ಸುಮಾರು 0.026 ನ್ಯಾನೊಮೀಟರ್, ಮೂರು ಧನಾವೇಶದ ಕಬ್ಬಿಣದ ಅಯಾನಿನದು ಸುಮಾರು 0.049 ನ್ಯಾನೊಮೀಟರ್. ಅಲ್ಲದೆ ಆವೇಶದಲ್ಲಿ ಒಂದು ಕೊರತೆ ಉಂಟಾಗುವುದರಿಂದ, ಅದನ್ನು ತುಂಬಲು ಸಮೀಪದಲ್ಲೊಂದು ಪ್ರೋಟಾನ್ ಅಥವಾ ಬೇರೆ ಧನ ಅಯಾನು ಇರಬೇಕಾಗುತ್ತದೆ. ಈ ಪ್ರೋಟಾನೇ ವಸ್ತುವಿಗೆ ಆಮ್ಲೀಯ ಗುಣವನ್ನು ನೀಡುತ್ತದೆ.

ಸಾಮಾನ್ಯವಾಗಿ ಒಂದೇ ಮಾದರಿಯಲ್ಲಿ ಈ ಕೆಳಗಿನ ರೂಪಗಳು ಬೇರೆಬೇರೆ ಪ್ರಮಾಣದಲ್ಲಿ ಜೊತೆಯಾಗಿರುತ್ತವೆ:

- ಗೋಡೆಯೊಳಗೆ ಸಿಲಿಕಾನ್ ಸ್ಥಾನದಲ್ಲಿರುವ ಒಂಟಿ ಕಬ್ಬಿಣ
- ರಂಧ್ರದ ಮೇಲ್ಮೈಗೆ ಅಂಟಿಕೊಂಡ ಒಂಟಿ ಕಬ್ಬಿಣ. ಇದರ ಸುತ್ತ ಐದು ಅಥವಾ ಆರು ಆಕ್ಸಿಜನ್‌ಗಳಿರಬಹುದು
- ಕೆಲವೇ ಕಬ್ಬಿಣದ ಪರಮಾಣುಗಳು ಆಕ್ಸಿಜನ್ ಮೂಲಕ ಬೆಸೆದುಕೊಂಡ ಸಣ್ಣ ಗುಚ್ಛಗಳು
- ರಂಧ್ರದೊಳಗಿನ ಫೆರಿಕ್ ಆಕ್ಸೈಡಿನ ನ್ಯಾನೊಕಣಗಳು
- ಸಿಲಿಕಾ ಕಣದ ಹೊರಮೈಯಲ್ಲಿ ಬೆಳೆದ ದೊಡ್ಡ ಹೆಮಟೈಟ್ ಹರಳುಗಳು

ಕಾಯಿಸುವ ಮೊದಲು ಗೋಡೆಯೊಳಗಿದ್ದ ಕಬ್ಬಿಣವೂ ಕಾಯಿಸಿದಾಗ ಭಾಗಶಃ ಹೊರಬಂದು ಗುಚ್ಛಗಳಾಗಬಹುದು. ಬಣ್ಣವೇ ಇದರ ಮೊದಲ ಸೂಚನೆ: ಕಬ್ಬಿಣ ಒಂಟಿಯಾಗಿ ಹರಡಿರುವ ಮಾದರಿ ಬಿಳಿಯಾಗಿ ಕಾಣುತ್ತದೆ, ಆಕ್ಸೈಡ್ ಹೆಚ್ಚಿದಂತೆ ಹಳದಿ, ಕಿತ್ತಳೆ, ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ರಂಧ್ರವ್ಯವಸ್ಥೆಯ ಪರಿಶೀಲನೆ

ಕ್ಷ-ಕಿರಣ ವಿವರ್ತನೆ

ಸಾಮಾನ್ಯ ಹರಳುಗಳಲ್ಲಿ ಪರಮಾಣುಗಳ ಪದರಗಳು ಕ್ಷ-ಕಿರಣಗಳನ್ನು ವಿವರ್ತಿಸುತ್ತವೆ. ಮಧ್ಯರಂಧ್ರ ಸಿಲಿಕಾದಲ್ಲಿ ಆ ಕೆಲಸವನ್ನು ರಂಧ್ರಗಳ ಸಾಲುಗಳು ಮಾಡುತ್ತವೆ. ಸಾಲುಗಳ ನಡುವಿನ ಅಂತರ ಹಲವು ನ್ಯಾನೊಮೀಟರ್ ಇರುವುದರಿಂದ, ಬ್ರಾಗ್ ನಿಯಮದಂತೆ, ಶಿಖರಗಳು ಅತಿ ಚಿಕ್ಕ ಕೋನಗಳಲ್ಲಿ ಕಾಣಿಸುತ್ತವೆ. ಷಟ್ಕೋನ ಜೋಡಣೆಯಲ್ಲಿ 100, 110 ಮತ್ತು 200 ಎಂಬ ಸೂಚ್ಯಂಕಗಳ ಮೂರು ಶಿಖರಗಳು ಮುಖ್ಯ. ಚಿಕ್ಕ ಕೋನಗಳಲ್ಲಿ ಇವುಗಳ ಸ್ಥಾನಗಳು ಸರಿಸುಮಾರು 1 : 1.73 : 2 ಅನುಪಾತದಲ್ಲಿರುತ್ತವೆ. ಈ ಅನುಪಾತವೇ ಷಟ್ಕೋನ ಜೋಡಣೆಯ ಗುರುತು.

ಒಂದು ಮಾದರಿ ಲೆಕ್ಕವನ್ನು ನೋಡಬಹುದು. ತಾಮ್ರದ ಕ್ಷ-ಕಿರಣದ ತರಂಗದೂರ 0.15406 ನ್ಯಾನೊಮೀಟರ್. ಎಸ್‌ಬಿಎ-15 ಬಗೆಯ ಮಾದರಿಯೊಂದರ ಮೊದಲ ಶಿಖರವು 0.90 ಡಿಗ್ರಿ ವಿವರ್ತನ ಕೋನದಲ್ಲಿ ಕಂಡರೆ, ಬ್ರಾಗ್ ನಿಯಮದಲ್ಲಿ ಅದರ ಅರ್ಧವಾದ 0.45 ಡಿಗ್ರಿಯನ್ನು ಬಳಸಿದಾಗ ಸಾಲುಗಳ ಅಂತರ ಸುಮಾರು 9.8 ನ್ಯಾನೊಮೀಟರ್ ಬರುತ್ತದೆ. ಅದನ್ನು 1.155ರಿಂದ ಗುಣಿಸಿದರೆ ಅಕ್ಕಪಕ್ಕದ ಎರಡು ರಂಧ್ರಗಳ ಕೇಂದ್ರಗಳ ನಡುವಿನ ದೂರ ಸುಮಾರು 11.3 ನ್ಯಾನೊಮೀಟರ್ ಎಂದಾಗುತ್ತದೆ. ಅಧಿಶೋಷಣೆಯ ಅಳತೆಯಿಂದ ರಂಧ್ರದ ವ್ಯಾಸ 7.5 ನ್ಯಾನೊಮೀಟರ್ ಎಂದು ತಿಳಿದರೆ, ವ್ಯತ್ಯಾಸವಾದ 3.8 ನ್ಯಾನೊಮೀಟರ್ ಗೋಡೆಯ ದಪ್ಪವಾಗುತ್ತದೆ.

ಕಬ್ಬಿಣ ಸೇರಿಸಿದ ನಂತರ ಈ ಶಿಖರಗಳು ಕುಗ್ಗುವುದುಂಟು. ಇದನ್ನು ನೋಡಿದ ತಕ್ಷಣ ರಚನೆ ಕುಸಿಯಿತೆಂದು ತೀರ್ಮಾನಿಸುವುದು ತಪ್ಪಾಗಬಹುದು. ಶಿಖರದ ತೀವ್ರತೆಯು ಗೋಡೆ ಮತ್ತು ಖಾಲಿ ರಂಧ್ರಗಳ ಎಲೆಕ್ಟ್ರಾನ್ ಸಾಂದ್ರತೆಯ ಅಂತರವನ್ನು ಅವಲಂಬಿಸಿದೆ. ಆಕ್ಸೈಡ್ ರಂಧ್ರದೊಳಗೆ ತುಂಬಿಕೊಂಡರೆ ಆ ಅಂತರ ಕಡಿಮೆಯಾಗಿ, ಜೋಡಣೆ ಸುಸ್ಥಿತಿಯಲ್ಲಿದ್ದರೂ ಶಿಖರ ಕುಗ್ಗುತ್ತದೆ. ಶಿಖರಗಳು ಅಗಲವಾಗಿ 110 ಮತ್ತು 200 ಒಂದರಲ್ಲೊಂದು ಬೆರೆತುಹೋದರೆ ಮಾತ್ರ ಅವ್ಯವಸ್ಥೆಯನ್ನು ಶಂಕಿಸಬೇಕು.

ದೊಡ್ಡ ಕೋನಗಳಲ್ಲಿ ಅಸ್ಫಟಿಕ ಸಿಲಿಕಾದ ಅಗಲವಾದ ದಿಬ್ಬವೊಂದು 22 ಡಿಗ್ರಿಯ ಆಸುಪಾಸಿನಲ್ಲಿ ಕಾಣುತ್ತದೆ. ಹೆಮಟೈಟ್ ಹರಳುಗಳಿದ್ದರೆ 33.2 ಮತ್ತು 35.6 ಡಿಗ್ರಿಗಳ ಬಳಿ ಚೂಪಾದ ಶಿಖರಗಳು ಏಳುತ್ತವೆ. ಆದರೆ ಈ ಶಿಖರಗಳು ಕಾಣದಿದ್ದ ಮಾತ್ರಕ್ಕೆ ಆಕ್ಸೈಡ್ ಇಲ್ಲವೆಂದಾಗದು. ಕಣದ ಗಾತ್ರ ಕಿರಿದಾದಂತೆ ಶಿಖರ ಅಗಲವಾಗುತ್ತದೆ. ಕೆಲವೇ ನ್ಯಾನೊಮೀಟರಿನ ಕಣಗಳು ಅಲ್ಪ ಪ್ರಮಾಣದಲ್ಲಿದ್ದರೆ ಅವುಗಳ ಶಿಖರಗಳು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ.

ನೈಟ್ರೋಜನ್ ಅಧಿಶೋಷಣೆ

ಅನಿಲದ ಅಣುಗಳು ಘನವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವುದೇ ಅಧಿಶೋಷಣೆ. ದ್ರವ ನೈಟ್ರೋಜನ್ನಿನ ತಾಪದಲ್ಲಿ, ಅಂದರೆ 77 ಕೆಲ್ವಿನ್‌ನಲ್ಲಿ, ಒತ್ತಡವನ್ನು ಏರಿಸುತ್ತ ಹೋದಂತೆ ವಸ್ತುವು ಎಷ್ಟು ನೈಟ್ರೋಜನ್ ಹಿಡಿದುಕೊಳ್ಳುತ್ತದೆ ಎಂಬುದನ್ನು ಅಳೆಯಲಾಗುತ್ತದೆ. ಮೊದಲು ಒಳಮೈಯ ಮೇಲೆ ತೆಳುಪದರ ಮೂಡುತ್ತದೆ; ನಿರ್ದಿಷ್ಟ ಒತ್ತಡದಲ್ಲಿ ನೈಟ್ರೋಜನ್ ರಂಧ್ರಗಳೊಳಗೆ ದ್ರವವಾಗಿ ತುಂಬಿಕೊಳ್ಳುತ್ತದೆ. ಇದರಿಂದ ಬರುವ ರೇಖೆಯನ್ನು ನಾಲ್ಕನೆಯ ಬಗೆಯ ಸಮತಾಪ ರೇಖೆ ಎನ್ನುತ್ತಾರೆ. ಎಸ್‌ಬಿಎ-15ರಲ್ಲಿ ತುಂಬುವ ಮತ್ತು ಖಾಲಿಯಾಗುವ ರೇಖೆಗಳು ಬೇರೆಬೇರೆಯಾಗಿ, ಕಡಿದಾದ ಬದಿಗಳುಳ್ಳ ಕುಣಿಕೆಯೊಂದು ಉಂಟಾಗುತ್ತದೆ. ಕಿರಿದಾದ ರಂಧ್ರಗಳ ಎಂಸಿಎಂ-41ರಲ್ಲಿ ಸಾಮಾನ್ಯವಾಗಿ ಕುಣಿಕೆ ಇರುವುದಿಲ್ಲ.

ಮೇಲ್ಮೈ ವಿಸ್ತೀರ್ಣವನ್ನು 1938ರಲ್ಲಿ ಬ್ರುನಾವರ್, ಎಮೆಟ್ ಮತ್ತು ಟೆಲ್ಲರ್ ರೂಪಿಸಿದ ಬಿಇಟಿ ಸಮೀಕರಣದಿಂದಲೂ, ರಂಧ್ರದ ಗಾತ್ರವನ್ನು 1951ರ ಬಿಜೆಎಚ್ ವಿಧಾನದಿಂದಲೂ ಲೆಕ್ಕಹಾಕುವ ರೂಢಿಯಿದೆ. ಬಿಜೆಎಚ್ ವಿಧಾನವು ಕಿರಿದಾದ ಮಧ್ಯರಂಧ್ರಗಳ ವ್ಯಾಸವನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸಾಂದ್ರತಾ ಫಲನ ಸಿದ್ಧಾಂತವನ್ನು ಆಧರಿಸಿದ ಲೆಕ್ಕಗಳು ಹೆಚ್ಚು ವಿಶ್ವಾಸಾರ್ಹ.

ಫಲಿತಾಂಶವನ್ನು ಓದುವಾಗ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ತೂಕಕ್ಕೆ ಸಂಬಂಧಿಸಿದ್ದು. ಗ್ರಾಂಗೆ 800 ಚದರ ಮೀಟರ್ ವಿಸ್ತೀರ್ಣವಿರುವ ಸಿಲಿಕಾಕ್ಕೆ ಒಟ್ಟು ತೂಕದ ಶೇಕಡ 10ರಷ್ಟು ಫೆರಿಕ್ ಆಕ್ಸೈಡ್ ಸೇರಿಸಿದರೆ, ರಂಧ್ರಗಳಿಗೆ ಏನೂ ಆಗದಿದ್ದರೂ ವಿಸ್ತೀರ್ಣ ಗ್ರಾಂಗೆ ಸುಮಾರು 720 ಚದರ ಮೀಟರಿಗೆ ಇಳಿಯುತ್ತದೆ. ಅಳತೆಯಲ್ಲಿ 500 ಬಂದರೆ ಮಾತ್ರ ರಂಧ್ರಗಳು ಮುಚ್ಚಿವೆ ಅಥವಾ ಕುಸಿದಿವೆ ಎನ್ನಲು ಆಧಾರವಿದೆ. ಎರಡನೆಯದು ಖಾಲಿಯಾಗುವ ರೇಖೆಗೆ ಸಂಬಂಧಿಸಿದ್ದು. ಆಕ್ಸೈಡ್ ಬಿರಡೆಗಳು ರಂಧ್ರಗಳನ್ನು ಅಲ್ಲಲ್ಲಿ ಇಕ್ಕಟ್ಟಾಗಿಸಿದಾಗ, ಒಳಗೆ ಸಿಲುಕಿದ ನೈಟ್ರೋಜನ್ 0.42ರಿಂದ 0.50ರ ಸಾಪೇಕ್ಷ ಒತ್ತಡದಲ್ಲಿ ಒಮ್ಮೆಲೇ ಆವಿಯಾಗುತ್ತದೆ. ಆ ರೇಖೆಯಿಂದ ಲೆಕ್ಕ ಹಾಕಿದರೆ ಸುಮಾರು 3.8 ನ್ಯಾನೊಮೀಟರಿನ ಬಳಿ ಚೂಪಾದ ಶಿಖರ ಬರುತ್ತದೆ. ಅಂತಹ ಗಾತ್ರದ ರಂಧ್ರಗಳು ವಸ್ತುವಿನಲ್ಲಿ ಇರಲೇಬೇಕೆಂದಿಲ್ಲ. ಅದು ಲೆಕ್ಕದ ವಿಧಾನವೇ ಸೃಷ್ಟಿಸಿದ ಭ್ರಮೆಯಾಗಿರಬಹುದು.

ಎಲೆಕ್ಟ್ರಾನ್ ಸೂಕ್ಷ್ಮದರ್ಶನ

ಪ್ರೇಷಣ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರಂಧ್ರಗಳನ್ನು ನೇರವಾಗಿ ಕಾಣಬಹುದು. ಕೊಳವೆಗಳ ಅಕ್ಷದ ದಿಕ್ಕಿನಿಂದ ನೋಡಿದಾಗ ಜೇನುಗೂಡಿನ ವಿನ್ಯಾಸವೂ, ಅಡ್ಡಲಾಗಿ ನೋಡಿದಾಗ ಸಮಾನಾಂತರ ಪಟ್ಟಿಗಳೂ ಕಾಣುತ್ತವೆ. ಸಿಲಿಕಾನ್ನಿನ ಪರಮಾಣು ಸಂಖ್ಯೆ 14, ಕಬ್ಬಿಣದ್ದು 26. ಭಾರವಾದ ಪರಮಾಣುಗಳು ಪ್ರಕಾಶಮಾನವಾಗಿ ತೋರುವ ಚಿತ್ರಣ ವಿಧಾನದಲ್ಲಿ ಆಕ್ಸೈಡ್ ಕಣಗಳು ಬೆಳಗುವ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಈ ವಿಧಾನದ ಮಿತಿಯೆಂದರೆ ನೋಡುವ ಭಾಗ ಅತ್ಯಲ್ಪವಾದುದು. ಕೆಲವು ಚಿತ್ರಗಳು ಇಡೀ ಮಾದರಿಯನ್ನು ಪ್ರತಿನಿಧಿಸುತ್ತವೆ ಎಂದು ಹೇಳಲಾಗದು.

ಕಬ್ಬಿಣದ ಸ್ಥಿತಿಯ ಪರಿಶೀಲನೆ

ಧಾತು ವಿಶ್ಲೇಷಣೆ

ಮೊದಲ ಹೆಜ್ಜೆ ಕಬ್ಬಿಣದ ಒಟ್ಟು ಪ್ರಮಾಣವನ್ನು ಅಳೆಯುವುದು. ಮಾದರಿಯನ್ನು ಆಮ್ಲದಲ್ಲಿ ಕರಗಿಸಿ, ಪ್ಲಾಸ್ಮಾ ಉತ್ಸರ್ಜನ ಅಥವಾ ಪರಮಾಣು ಹೀರಿಕೆ ರೋಹಿತದರ್ಶನದಿಂದ ಇದನ್ನು ನಿರ್ಧರಿಸುತ್ತಾರೆ. ಸಂಶ್ಲೇಷಣೆಯ ದ್ರಾವಣದಲ್ಲಿದ್ದ ಸಿಲಿಕಾನ್–ಕಬ್ಬಿಣ ಅನುಪಾತವು ಅಂತಿಮ ವಸ್ತುವಿನಲ್ಲೂ ಹಾಗೆಯೇ ಇರುತ್ತದೆಂದು ಭಾವಿಸಬಾರದು.

ವಿಸರಣ ಪ್ರತಿಫಲನ ರೋಹಿತದರ್ಶನ

ನೇರಳಾತೀತ ಮತ್ತು ದೃಗ್ಗೋಚರ ಬೆಳಕನ್ನು ಪುಡಿಯ ಮೇಲೆ ಹಾಯಿಸಿ ಪ್ರತಿಫಲನವನ್ನು ಅಳೆಯುವ ಈ ವಿಧಾನ ಸುಲಭವೂ ಸೂಕ್ಷ್ಮವೂ ಆಗಿದೆ. ಆಕ್ಸಿಜನ್ನಿನಿಂದ ಕಬ್ಬಿಣಕ್ಕೆ ಎಲೆಕ್ಟ್ರಾನ್ ಜಿಗಿಯುವಾಗ ಬೆಳಕು ಹೀರಲ್ಪಡುತ್ತದೆ. ಒಂಟಿ ಕಬ್ಬಿಣದ ಅಯಾನುಗಳು 300 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದಲ್ಲಿಯೂ, ಸಣ್ಣ ಗುಚ್ಛಗಳು ಸುಮಾರು 300ರಿಂದ 400ರ ನಡುವೆಯೂ, ದೊಡ್ಡ ಆಕ್ಸೈಡ್ ಕಣಗಳು ಅದಕ್ಕೂ ಮೇಲೆಯೂ ಹೀರುತ್ತವೆ. ಚತುರ್ಮುಖಿ ಮತ್ತು ಅಷ್ಟಮುಖಿ ಸ್ಥಾನಗಳ ಪಟ್ಟಿಗಳು ಒಂದರ ಮೇಲೊಂದು ಬೀಳುವುದರಿಂದ, ರೋಹಿತವನ್ನು ಭಾಗಗಳಾಗಿ ವಿಭಜಿಸಿ ಪಡೆದ ಶೇಕಡಾವಾರು ಅಂಕಿಗಳನ್ನು ಅಂದಾಜು ಎಂದಷ್ಟೇ ಪರಿಗಣಿಸಬೇಕು.

ಅವಕೆಂಪು ರೋಹಿತದರ್ಶನ

ಪ್ರತಿ ಸೆಂಟಿಮೀಟರಿಗೆ 960 ತರಂಗಸಂಖ್ಯೆಯ ಬಳಿಯ ಪಟ್ಟಿಯನ್ನು ಸಿಲಿಕಾನ್–ಆಕ್ಸಿಜನ್–ಕಬ್ಬಿಣ ಬಂಧದ ಪುರಾವೆಯೆಂದು ಅನೇಕ ವರದಿಗಳು ಉಲ್ಲೇಖಿಸುತ್ತವೆ. ಆದರೆ ಕಬ್ಬಿಣವೇ ಇಲ್ಲದ ಮಧ್ಯರಂಧ್ರ ಸಿಲಿಕಾದಲ್ಲಿಯೂ ಸಿಲನಾಲ್ ಗುಂಪುಗಳಿಂದಾಗಿ ಅಲ್ಲಿಯೇ ಒಂದು ಪಟ್ಟಿ ಇರುತ್ತದೆ. ಆದ್ದರಿಂದ ಈ ಪಟ್ಟಿಯೊಂದೇ ಪುರಾವೆಯಾಗದು. ಪಿರಿಡೀನ್ ಅಣುವನ್ನು ಅಧಿಶೋಷಿಸಿ ಪಡೆಯುವ ರೋಹಿತ ಹೆಚ್ಚು ಉಪಯುಕ್ತ: 1545ರ ಬಳಿಯ ಪಟ್ಟಿ ಪ್ರೋಟಾನ್ ನೀಡುವ ಬ್ರಾನ್‌ಸ್ಟೆಡ್ ಆಮ್ಲ ಸ್ಥಾನಗಳನ್ನೂ, 1450ರ ಬಳಿಯದು ಲೂಯಿಸ್ ಆಮ್ಲ ಸ್ಥಾನಗಳನ್ನೂ ಸೂಚಿಸುತ್ತದೆ.

ಎಲೆಕ್ಟ್ರಾನ್ ಅನುಕಾಂತೀಯ ಅನುರಣನ

ಮೂರು ಧನಾವೇಶದ ಕಬ್ಬಿಣದಲ್ಲಿ ಐದು ಒಂಟಿ ಎಲೆಕ್ಟ್ರಾನುಗಳಿರುವುದರಿಂದ ಅದು ಈ ವಿಧಾನಕ್ಕೆ ಸ್ಪಂದಿಸುತ್ತದೆ. ಜಿ-ಮೌಲ್ಯ 4.3ರ ಬಳಿಯ ಸಂಕೇತವು ವಿರೂಪಗೊಂಡ ಪರಿಸರದಲ್ಲಿರುವ ಒಂಟಿ ಅಯಾನುಗಳಿಂದ ಬರುತ್ತದೆ. ಆಕ್ಸೈಡ್ ಗುಚ್ಛಗಳು 2.0ರಿಂದ 2.3ರ ನಡುವೆ ಅಗಲವಾದ ಸಂಕೇತವನ್ನು ನೀಡುತ್ತವೆ. 4.3ರ ಸಂಕೇತವನ್ನು ಚತುರ್ಮುಖಿ ಕಬ್ಬಿಣದ ಗುರುತೆಂದು ಹೇಳುವ ವಾಡಿಕೆಯಿದ್ದರೂ, ವಿರೂಪಗೊಂಡ ಅಷ್ಟಮುಖಿ ಸ್ಥಾನವೂ ಅದನ್ನೇ ನೀಡಬಲ್ಲದು. ಇದು ಅಯಾನು ಒಂಟಿಯಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದರ ಸುತ್ತ ಎಷ್ಟು ಆಕ್ಸಿಜನ್‌ಗಳಿವೆ ಎಂಬುದನ್ನು ಖಚಿತವಾಗಿ ಹೇಳುವುದಿಲ್ಲ.

ಮಾಸ್‌ಬೌವರ್ ರೋಹಿತದರ್ಶನ

ರುಡಾಲ್ಫ್ ಮಾಸ್‌ಬೌವರ್ 1958ರಲ್ಲಿ ಪ್ರಕಟಿಸಿ, 1961ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಪರಿಣಾಮವನ್ನು ಈ ವಿಧಾನ ಆಧರಿಸಿದೆ. ಕೋಬಾಲ್ಟ್-57 ಆಕರದಿಂದ ಬರುವ 14.4 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣವನ್ನು ಕಬ್ಬಿಣ-57ರ ನ್ಯೂಕ್ಲಿಯಸ್ ಹೀರುತ್ತದೆ. ಆಕರವನ್ನು ಸೆಕೆಂಡಿಗೆ ಕೆಲವು ಮಿಲಿಮೀಟರ್ ವೇಗದಲ್ಲಿ ಹಿಂದೆ ಮುಂದೆ ಚಲಿಸುತ್ತ ಕಿರಣದ ಶಕ್ತಿಯನ್ನು ಸೂಕ್ಷ್ಮವಾಗಿ ಬದಲಿಸಲಾಗುತ್ತದೆ. ನಿಸರ್ಗದ ಕಬ್ಬಿಣದಲ್ಲಿ ಕಬ್ಬಿಣ-57ರ ಪಾಲು ಶೇಕಡ 2ರಷ್ಟು ಮಾತ್ರ ಇರುವುದರಿಂದ, ಕಬ್ಬಿಣ ಕಡಿಮೆಯಿರುವ ಮಾದರಿಗಳಿಗೆ ದೀರ್ಘಕಾಲದ ಅಳತೆ ಬೇಕಾಗುತ್ತದೆ.

ದೊಡ್ಡ ಹೆಮಟೈಟ್ ಹರಳುಗಳು ಕಾಂತೀಯ ಕ್ರಮವುಳ್ಳವಾದ್ದರಿಂದ ಆರು ರೇಖೆಗಳ ರೋಹಿತವನ್ನು ನೀಡುತ್ತವೆ. ಒಂಟಿ ಅಯಾನುಗಳು ಕೊಠಡಿಯ ತಾಪದಲ್ಲಿ ಸಾಮಾನ್ಯವಾಗಿ ಎರಡು ರೇಖೆಗಳ ಜೋಡಿಯನ್ನು ನೀಡುತ್ತವೆ. ಆದರೆ ಕೆಲವು ನ್ಯಾನೊಮೀಟರಿನ ಆಕ್ಸೈಡ್ ಕಣಗಳೂ ಕೊಠಡಿಯ ತಾಪದಲ್ಲಿ ಎರಡು ರೇಖೆಗಳನ್ನೇ ತೋರಿಸುತ್ತವೆ. ಅವುಗಳಲ್ಲಿ ಕಾಂತತ್ವದ ದಿಕ್ಕು ಅಳತೆಯ ಅವಧಿಗಿಂತ ಬೇಗನೆ ಬದಲಾಗುತ್ತಿರುವುದೇ ಇದಕ್ಕೆ ಕಾರಣ. ಮಾದರಿಯನ್ನು ದ್ರವ ಹೀಲಿಯಂ ತಾಪದವರೆಗೆ ತಂಪುಮಾಡಿದಾಗ ಈ ಬದಲಾವಣೆ ನಿಧಾನವಾಗಿ ಆರು ರೇಖೆಗಳು ಮೂಡುತ್ತವೆ. ಆದ್ದರಿಂದ ಕೊಠಡಿಯ ತಾಪದ ಅಳತೆಯೊಂದರಿಂದ ಒಂಟಿ ಕಬ್ಬಿಣವನ್ನೂ ಸಣ್ಣ ಕಣಗಳನ್ನೂ ಬೇರ್ಪಡಿಸಲು ಆಗದು.

ಕ್ಷ-ಕಿರಣ ಹೀರಿಕೆ ರೋಹಿತದರ್ಶನ

ಸಿಂಕ್ರೊಟ್ರಾನ್ ಆಕರದ ಕ್ಷ-ಕಿರಣಗಳ ಶಕ್ತಿಯನ್ನು 7112 ಎಲೆಕ್ಟ್ರಾನ್ ವೋಲ್ಟಿನ ಸುತ್ತ ಬದಲಿಸಿದಾಗ ಕಬ್ಬಿಣದ ಹೀರಿಕೆ ಹಠಾತ್ತನೆ ಏರುತ್ತದೆ. ಈ ಏರಿಕೆಗೆ ಸ್ವಲ್ಪ ಮೊದಲು ಕಾಣುವ ಕಿರುಶಿಖರವು ಸಮಮಿತಿಯ ಅಷ್ಟಮುಖಿ ಸ್ಥಾನದಲ್ಲಿ ದುರ್ಬಲವಾಗಿಯೂ, ಚತುರ್ಮುಖಿ ಸ್ಥಾನದಲ್ಲಿ ಪ್ರಬಲವಾಗಿಯೂ ಇರುತ್ತದೆ. ಏರಿಕೆಯ ನಂತರದ ಅಲೆಗಳಿಂದ ನೆರೆಯ ಪರಮಾಣುಗಳ ದೂರ ತಿಳಿಯುತ್ತದೆ. ಕಬ್ಬಿಣ–ಆಕ್ಸಿಜನ್ ದೂರ ಚತುರ್ಮುಖಿಯಲ್ಲಿ ಸುಮಾರು 0.186 ನ್ಯಾನೊಮೀಟರ್, ಅಷ್ಟಮುಖಿಯಲ್ಲಿ ಸುಮಾರು 0.20 ನ್ಯಾನೊಮೀಟರ್. 0.29ರಿಂದ 0.34 ನ್ಯಾನೊಮೀಟರಿನ ನಡುವೆ ಕಬ್ಬಿಣದ ನೆರೆ ಕಂಡುಬಂದರೆ ಗುಚ್ಛಗಳಿವೆಯೆಂದು ತಿಳಿಯಬಹುದು. ಭಾರತದಲ್ಲಿ ಇಂತಹ ಅಳತೆಗಳ ಸೌಲಭ್ಯ ಇಂದೋರಿನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದ ಇಂಡಸ್-2 ಸಿಂಕ್ರೊಟ್ರಾನಿನಲ್ಲಿದೆ. ಈ ವಿಧಾನವು ಮಾದರಿಯಲ್ಲಿರುವ ಎಲ್ಲ ಕಬ್ಬಿಣದ ಸರಾಸರಿಯನ್ನು ನೀಡುತ್ತದೆ ಎಂಬುದನ್ನು ಮರೆಯಬಾರದು.

ಹೈಡ್ರೋಜನ್ನಿನಿಂದ ಅಪಕರ್ಷಣೆ

ಮಾದರಿಯನ್ನು ಹೈಡ್ರೋಜನ್ ಹರಿವಿನಲ್ಲಿ ನಿಯತವಾಗಿ ಕಾಯಿಸುತ್ತ ಅನಿಲದ ಬಳಕೆಯನ್ನು ಅಳೆಯುವ ವಿಧಾನವಿದು. ಫೆರಿಕ್ ಆಕ್ಸೈಡ್ ಹಂತಹಂತವಾಗಿ ಲೋಹವಾಗುವಾಗ ಪ್ರತಿ ಕಬ್ಬಿಣ ಪರಮಾಣುವಿಗೆ 1.5 ಹೈಡ್ರೋಜನ್ ಅಣುಗಳು ಬೇಕು. ಗೋಡೆಯಲ್ಲಿ ಬಂಧಿತವಾದ ಕಬ್ಬಿಣವು ಸುಲಭವಾಗಿ ಲೋಹವಾಗದೆ, ಎರಡು ಧನಾವೇಶದ ಸ್ಥಿತಿಗೆ ಮಾತ್ರ ಇಳಿಯುತ್ತದೆ, ಅದಕ್ಕೆ 0.5 ಅಣು ಸಾಕು. ಹೀಗಾಗಿ ಒಟ್ಟು ಬಳಕೆಯ ಲೆಕ್ಕವು ಕಬ್ಬಿಣದ ರೂಪದ ಬಗ್ಗೆ ಸುಳಿವು ನೀಡುತ್ತದೆ.

ಫಲಿತಾಂಶಗಳ ಸಮನ್ವಯ

ಮೇಲಿನ ವಿವರಣೆಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಪ್ರತಿಯೊಂದು ವಿಧಾನಕ್ಕೂ ಒಂದು ಕುರುಡು ಬಿಂದುವಿದೆ. ವಿವರ್ತನೆಗೆ ಸಣ್ಣ ಕಣಗಳು ಕಾಣುವುದಿಲ್ಲ. ಕೊಠಡಿ ತಾಪದ ಮಾಸ್‌ಬೌವರ್ ರೋಹಿತಕ್ಕೆ ಒಂಟಿ ಅಯಾನು ಮತ್ತು ಕಣಗಳ ವ್ಯತ್ಯಾಸ ತಿಳಿಯುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಇಡೀ ಮಾದರಿ ಸಿಗುವುದಿಲ್ಲ. ಕಬ್ಬಿಣ ಗೋಡೆಯೊಳಗೆ ಸೇರಿದೆ ಎಂದು ಹೇಳಬೇಕಾದರೆ ಪರಸ್ಪರ ಸ್ವತಂತ್ರವಾದ ಕನಿಷ್ಠ ಎರಡು ಮೂರು ವಿಧಾನಗಳು ಅದನ್ನೇ ಸೂಚಿಸಬೇಕು. ಹೆಮಟೈಟ್ ಶಿಖರಗಳಿಲ್ಲದಿರುವುದು, ಹೀರಿಕೆ 300 ನ್ಯಾನೊಮೀಟರಿಗಿಂತ ಕೆಳಗೆ ಸೀಮಿತವಾಗಿರುವುದು, ಕಿರುಶಿಖರ ಪ್ರಬಲವಾಗಿರುವುದು ಮತ್ತು ಕಬ್ಬಿಣದ ನೆರೆಯಲ್ಲಿ ಮತ್ತೊಂದು ಕಬ್ಬಿಣ ಕಾಣದಿರುವುದು ಒಟ್ಟಿಗೆ ದೊರೆತಾಗ ಆ ತೀರ್ಮಾನ ಬಲವಾಗುತ್ತದೆ. ಕಬ್ಬಿಣರಹಿತ ಸಿಲಿಕಾವನ್ನೂ, ಸಿಲಿಕಾ ಮತ್ತು ಫೆರಿಕ್ ಆಕ್ಸೈಡುಗಳ ಸರಳ ಮಿಶ್ರಣವನ್ನೂ ಅದೇ ಉಪಕರಣಗಳಲ್ಲಿ ಅಳೆದು ಹೋಲಿಸುವುದು ಉತ್ತಮ ಪದ್ಧತಿ.

ಬಳಕೆಯಲ್ಲಿ ರಚನೆಯ ಮಹತ್ವ

ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣ ಸೇರಿದಾಗ ನಡೆಯುವ ತೀವ್ರ ಉತ್ಕರ್ಷಣವನ್ನು 1894ರಲ್ಲಿ ಫೆಂಟನ್ ವರದಿ ಮಾಡಿದರು. ಫೀನಾಲ್ ಮತ್ತು ಬಣ್ಣಗಳಂತಹ ಮಲಿನಕಾರಿಗಳನ್ನು ನೀರಿನಿಂದ ತೆಗೆಯಲು ಈ ಕ್ರಿಯೆ ಉಪಯುಕ್ತ. ಆದರೆ ಕರಗಿದ ಕಬ್ಬಿಣವನ್ನು ಬಳಸಿದರೆ ನೀರನ್ನು ಆಮ್ಲೀಯವಾಗಿ, ಪಿಎಚ್ 3ರ ಆಸುಪಾಸಿನಲ್ಲಿ ಇಡಬೇಕಾಗುತ್ತದೆ. ಕೊನೆಗೆ ಹೈಡ್ರಾಕ್ಸೈಡ್ ಕೆಸರನ್ನು ವಿಲೇವಾರಿ ಮಾಡಬೇಕಾಗುತ್ತದೆ. ಕಬ್ಬಿಣವನ್ನು ಸಿಲಿಕಾದಲ್ಲಿ ಬಂಧಿಸಿ, ಸೋಸಿ ಮರುಬಳಸುವಂತೆ ಮಾಡುವುದು ಇದಕ್ಕೆ ಪರಿಹಾರವೆನಿಸುತ್ತದೆ.

ಇಲ್ಲಿಯೇ ರಚನೆಯ ಪ್ರಶ್ನೆ ಪ್ರಾಯೋಗಿಕ ಮಹತ್ವ ಪಡೆಯುತ್ತದೆ. ಫೀನಾಲ್ ಉತ್ಕರ್ಷಣೆಯಲ್ಲಿ ಹುಟ್ಟುವ ಉಪವಸ್ತುಗಳಲ್ಲಿ ಆಕ್ಸಾಲಿಕ್ ಆಮ್ಲವೂ ಒಂದು. ಬಟ್ಟೆಯ ಮೇಲಿನ ತುಕ್ಕಿನ ಕಲೆ ತೆಗೆಯಲು ಬಳಸುವುದೂ ಇದನ್ನೇ. ಅದು ಸಡಿಲವಾಗಿ ಕುಳಿತ ಕಬ್ಬಿಣವನ್ನು ನೀರಿಗೆ ಎಳೆದುಕೊಳ್ಳುತ್ತದೆ. ಆಗ ಶುದ್ಧೀಕರಣದ ಕೆಲಸ ಮಾಡುತ್ತಿರುವುದು ಘನ ವೇಗವರ್ಧಕವಲ್ಲ, ಅದರಿಂದ ಸೋರಿದ ಕಬ್ಬಿಣವಾಗಿರಬಹುದು. ಇದನ್ನು ಪರೀಕ್ಷಿಸಲು ಕ್ರಿಯೆ ನಡೆಯುತ್ತಿರುವಾಗಲೇ ದ್ರಾವಣವನ್ನು ಬಿಸಿಯಾಗಿಯೇ ಸೋಸಿ, ಘನವಿಲ್ಲದ ದ್ರಾವಣದಲ್ಲಿ ಕ್ರಿಯೆ ಮುಂದುವರಿಯುವುದೇ ಎಂದು ನೋಡುತ್ತಾರೆ. ದ್ರಾವಣದಲ್ಲಿನ ಕಬ್ಬಿಣವನ್ನೂ ಅಳೆಯುತ್ತಾರೆ. ಬಳಸಿದ ವೇಗವರ್ಧಕವನ್ನು ಮತ್ತೆ ಮೇಲಿನ ವಿಧಾನಗಳಿಂದ ಪರಿಶೀಲಿಸಿ, ರಂಧ್ರಗಳ ಜೋಡಣೆ ಮತ್ತು ಕಬ್ಬಿಣದ ರೂಪ ಬದಲಾಗಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಅದನ್ನು ಸ್ಥಿರ ವೇಗವರ್ಧಕವೆಂದು ಪರಿಗಣಿಸಬಹುದು.